ಅಕ್ಕ ಬೀಗ ಕಲಿತದ್ದು

ಸೂಜಿ ಮುರಿದ ಸದ್ದು ತನಗೆ ಚೆನ್ನಾಗಿ ಕೇಳಿಸಿತ್ತು ಅಂತ ಅಕ್ಕ ಇವತ್ತಿಗೂ ಹೇಳುತ್ತಾಳೆ. ನೋವು ಮಾತ್ರ ಗೊತ್ತಾಗಲಿಲ್ಲವಂತೆ. "ಟಿಂಗ್ ಅಂತು ಕಣೇ. ಯಾರದೋ ಲೋಟ ಬಿತ್ತೇನೋ ಅಂದ್ಕೊಂಡು ಪಕ್ಕದ ಮೆಷಿನ್ನಿನವಳ ಕಡೆ ತಿರುಗಿದೆ. ಅವಳು ನನ್ನ ಮುಖ ನೋಡಿ ಕಿಟಾರನೆ ಕಿರುಚಿದಳು. ಆಗ ಕೈ ಎತ್ತಿ ಮುಟ್ಟಿಕೊಂಡೆ."

ಅಕ್ಕ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರ್ ಹೊಲಿಯುತ್ತಿದ್ದಳು. ಮದುವೆಯಾದ ಮರುವರ್ಷ ಸೇರಿದವಳು. ಮಗಳು ಹುಟ್ಟಿ, ಬೆಳೆದು, ಮದುವೆಯಾಗಿ ಬೇರೆ ಊರು ಸೇರಿದರೂ ಇವಳದ್ದು ಅದೇ ಸಾಲು, ಅದೇ ಕುರ್ಚಿ. ನಮ್ಮ ಬೀದಿಯಲ್ಲಿ ಅವಳ ಹೆಸರು ಯಾರಿಗೂ ನೆನಪಿರಲಿಲ್ಲ, ಎಲ್ಲರಿಗೂ ಅವಳು ಸೂಜಿಯಕ್ಕ. ವಯಸ್ಸು ಐವತ್ತು ದಾಟಿತ್ತು. ಇನ್ನು ಕೆಲವೇ ವರ್ಷ ತಳ್ಳಿಬಿಟ್ಟರೆ ಮನೆಯಲ್ಲಿ ಕಾಲು ಚಾಚಿ ಕೂರಬಹುದು ಅನ್ನುವಾಗ ಮೆಷಿನ್ನಿನ ಸೂಜಿ ಮುರಿದು ತುದಿ ಅವಳ ಎಡಗಣ್ಣಿಗೆ ಹೊಕ್ಕಿತು.

ಆಸ್ಪತ್ರೆಯಲ್ಲಿ ಡಾಕ್ಟರು, "ಕಣ್ಣು ಉಳಿಸಿದ್ದೀವಿ. ದೃಷ್ಟಿ ಉಳೀಲಿಲ್ಲ" ಅಂದರು. ನಾನು ಆ ಎರಡು ಮಾತಿನ ನಡುವಿನ ವ್ಯತ್ಯಾಸ ತಿಳಿಯದೆ ಪೆಚ್ಚಾಗಿ ನಿಂತಿದ್ದೆ. ಭಾವ ಬಸ್ ಕಂಡಕ್ಟರು. ತುಂಬಿದ ಬಸ್ಸನ್ನು ಬಾಯಿಮಾತಲ್ಲೇ ಹಿಂದಕ್ಕೂ ಮುಂದಕ್ಕೂ ಸರಿಸುವ ಮನುಷ್ಯ. ಅವರು ಅವತ್ತು ಗೋಡೆಗೆ ಒರಗಿಕೊಂಡು ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು.

ಒಂದು ಕಣ್ಣು ಹೋದರೆ ಅರ್ಧ ಪ್ರಪಂಚ ಕಾಣುವುದಿಲ್ಲ, ಅಷ್ಟೇ ತಾನೇ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಯಾವುದು ಎಷ್ಟು ದೂರದಲ್ಲಿದೆ ಅನ್ನುವ ಅಂದಾಜೇ ಹೊರಟುಹೋಗುತ್ತದೆ. ಅಕ್ಕ ಲೋಟಕ್ಕೆ ನೀರು ಬಗ್ಗಿಸಿದರೆ ನೀರು ಲೋಟದ ಪಕ್ಕ ಬೀಳುತ್ತಿತ್ತು. ಮೆಟ್ಟಿಲು ಮುಗಿದಿದ್ದರೂ ಇನ್ನೊಂದಿದೆ ಅಂತ ಕಾಲು ಇಟ್ಟು ಮುಗ್ಗರಿಸುತ್ತಿದ್ದಳು. ಕಾರ್ಖಾನೆಯವರು ದಾರ ಕತ್ತರಿಸುವ ಕಡೆ ಹಾಕಿದರು. ದಾರದ ಬದಲು ಅಂಗಿಯೇ ಕತ್ತರಿಗೆ ಸಿಕ್ಕಿತು, ಆಮೇಲೆ ಅವಳ ಬೆರಳೂ ಸಿಕ್ಕಿತು. ಒಂದು ಮಧ್ಯಾಹ್ನ ಊಟದ ಡಬ್ಬಿಯನ್ನು ತೆರೆಯದೆ ಹಾಗೇ ತಂದು ಅಡುಗೆಮನೆಯಲ್ಲಿ ಕುಕ್ಕಿದಳು.

"ಬಿಟ್ಟು ಬಂದೆ" ಅಂದಳು.

ನಾನು ಮೇಲಿನ ಮನೆಯಲ್ಲಿದ್ದೇನೆ, ಅಕ್ಕ ಭಾವ ಕೆಳಗಿನ ಮನೆಯಲ್ಲಿ. ನಾನು ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆ. ಹಾಗಾಗಿ ಆಮೇಲಿನ ದಿನಗಳಲ್ಲಿ ಅವಳನ್ನು ಹೆಚ್ಚು ನೋಡಿದವಳು ನಾನೇ. ಅವಳು ಅಳುತ್ತಿರಲಿಲ್ಲ. ಕಿಟಕಿ ಪಕ್ಕ ಕೂತು ಬೆರಳುಗಳನ್ನು ಒಂದಕ್ಕೊಂದು ತಿಕ್ಕುತ್ತಿರುತ್ತಿದ್ದಳು. ನನ್ನ ಕೈಯಿಂದ ಚಮಚ ಜಾರಿ ನೆಲಕ್ಕೆ ಬಿದ್ದರೆ ಸಾಕು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಗೋಡೆ ಕಡೆ ತಿರುಗಿಬಿಡುತ್ತಿದ್ದಳು. ಉಳಿದ ಒಂದು ಕಣ್ಣನ್ನು ಅವಳು ಹಾಗೆ ಕಾಯುತ್ತಿದ್ದಳು.

ಹೀಗಿರುವಾಗ ಒಂದು ದಿನ ಅವರ ಮನೆಯ ಮುಂಬಾಗಿಲಿನ ಬೀಗ ಕಚ್ಚಿಕೊಂಡಿತು. ಭಾವ ಕೀಯನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ಬೈದರು, ಕೊನೆಗೆ ಬಸ್ ನಿಲ್ದಾಣದ ಹತ್ತಿರ ಗೂಡಂಗಡಿ ಇಟ್ಟಿದ್ದ ಮುದುಕರನ್ನು ಕರೆತಂದರು. ಸಿಕ್ಕವರನ್ನೆಲ್ಲ ಸ್ಕೂಲು ಹುಡುಗರ ಹಾಗೆ ಗದರುತ್ತಿದ್ದುದರಿಂದ ಅವರನ್ನು ಎಲ್ಲರೂ ಬೀಗದ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಮೇಷ್ಟ್ರು ಬಾಗಿಲ ಮುಂದೆ ಕೂತು, ತುದಿ ಬಾಗಿದ ಸಣ್ಣ ಉಕ್ಕಿನ ಕಡ್ಡಿಯೊಂದನ್ನು ಬೀಗದೊಳಗೆ ತೂರಿಸಿ, ಕಣ್ಣು ಮುಚ್ಚಿಕೊಂಡರು.

ಅಕ್ಕ ನೋಡುತ್ತಿದ್ದವಳು ಕೇಳಿದಳು. "ಯಾಕೆ ಕಣ್ಣು ಮುಚ್ಚಿದ್ರಿ?"

"ಒಳಗೆ ಕತ್ತಲೆ. ಕಣ್ಣು ಬಿಟ್ಟು ಏನು ನೋಡ್ಲಿ?" ಮೇಷ್ಟ್ರು ಗದರಿದರು. "ಇದು ಬೆರಳಿನ ಕೆಲಸ. ಸುಮ್ನಿರಮ್ಮ, ಕೇಳಿಸ್ಕೊಬೇಕು."

ಅಕ್ಕ ಸುಮ್ಮನಾದಳು. ಬಾಗಿಲು ತೆರೆದು, ಮೇಷ್ಟ್ರು ಕಾಫಿ ಕುಡಿದು ಹೋದಮೇಲೂ ಅವಳು ಸುಮ್ಮನೇ ಇದ್ದಳು. ಮಾರನೇ ಬೆಳಿಗ್ಗೆ ಭಾವ ಡ್ಯೂಟಿಗೆ ಹೊರಡುವ ಹೊತ್ತಲ್ಲಿ ಹೇಳಿದಳು.

"ರೀ, ನಾನು ಬೀಗದ ಕೆಲಸಕ್ಕೆ ಹೋಗ್ತೀನಿ."

ಭಾವನ ಕಾಫಿ ನೆತ್ತಿಗೇರಿತು. "ಯಾವ ಬೀಗರ ಮನೆಗೆ?"

"ಬೀಗರಲ್ಲ ರೀ, ಬೀಗ. ಮೇಷ್ಟ್ರ ಹತ್ರ ಕಲೀತೀನಿ."

ಭಾವ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇವಳಿಗೆ ಕಣ್ಣಿನ ಜೊತೆ ಇನ್ನೇನಾದರೂ ಹೋಯಿತೇ ಅನ್ನುವುದು ಇಬ್ಬರ ಮನಸ್ಸಲ್ಲೂ ಬಂದಿತ್ತು. ಭಾವ ಹೇಳಿದರು. "ಈ ವಯಸ್ಸಲ್ಲಿ? ಅದೂ ಹೆಂಗಸು ಹೋಗಿ ಊರವರ ಬಾಗಿಲು ತೆಗೆಯೋದಾ? ನಾಳೆ ಯಾರ ಮನೇಲಾದ್ರೂ ಏನಾದ್ರೂ ಕಳೆದುಹೋದ್ರೆ ಮೊದಲು ನಮ್ಮ ಮನೆಗೇ ಬರ್ತಾರೆ."

"ಬರ್ಲಿ. ಕಾಫಿ ಕೊಡೋಣ" ಅಂದಳು ಅಕ್ಕ.

ಅವಳು ಕೇಳಲು ಹೋದಾಗ ಮೇಷ್ಟ್ರು ಕೂಡ ಹೌಹಾರಿದರಂತೆ. ಆಗಲ್ಲ ಹೋಗಮ್ಮ ಅಂದರಂತೆ. ಇವಳು ಹೋಗದೆ ಗೂಡಂಗಡಿ ಮುಂದೆ ನಿಂತಳು, ಮತ್ತೆ ಮಾರನೇ ದಿನ ಹೋಗಿ ನಿಂತಳು. ಕೊನೆಗೆ ಅವರು ತುಕ್ಕು ಹಿಡಿದ ಬೀಗವೊಂದನ್ನು ಅವಳ ಕೈಗೆ ಹಾಕಿ, "ಇದನ್ನ ಬಿಚ್ಚಿ ಜೋಡಿಸು, ನೋಡೋಣ" ಅಂದರು.

ಬೀಗದ ಹೊಟ್ಟೆಯಲ್ಲಿ ಪುಟ್ಟ ಪುಟ್ಟ ಸ್ಪ್ರಿಂಗುಗಳಿರುತ್ತವೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡವು. ಅದು ಅವಳಿಗೆ ಗೊತ್ತಿರಲಿಲ್ಲ. ಮುಚ್ಚಳ ಎತ್ತುತ್ತಿದ್ದಂತೆ ಒಂದು ಸ್ಪ್ರಿಂಗು ಟಿಂಗ್ ಅಂತ ಹಾರಿ ಅವಳ ಗಲ್ಲಕ್ಕೆ ಬಡಿಯಿತು. ಬೀಗವನ್ನು ಬಿಸಾಡಿ ಅಕ್ಕ ಓಡಿದಳು. ಚಪ್ಪಲಿಯನ್ನೂ ಬಿಟ್ಟು ಬರಿಗಾಲಲ್ಲಿ ಮನೆಗೆ ಬಂದು, ಬಚ್ಚಲುಮನೆ ಸೇರಿ ಅಗುಳಿ ಹಾಕಿಕೊಂಡಳು. ಒಳಗಿಂದ ಅವಳ ಹಲ್ಲು ಕಟಕಟ ಅನ್ನುವುದು ನನಗೆ ಕೇಳಿಸುತ್ತಿತ್ತು. ಇಲ್ಲಿಗೆ ಈ ಹುಚ್ಚು ಬಿಟ್ಟಿತು ಅಂದುಕೊಂಡೆ. ನಿಜ ಹೇಳಬೇಕೆಂದರೆ ಸಮಾಧಾನವೇ ಆಯಿತು.

ಸಂಜೆ ಮೇಷ್ಟ್ರು ಚಪ್ಪಲಿ ಹಿಡಿದುಕೊಂಡು ಬಂದರು, ಜೊತೆಗೆ ಒಂದು ಕನ್ನಡಕ. ಬೆಸುಗೆ ಹಾಕುವವರು ಹಾಕಿಕೊಳ್ಳುತ್ತಾರಲ್ಲ, ಕಣ್ಣಿನ ಸುತ್ತ ಮುಚ್ಚಿಕೊಳ್ಳುವಂಥದ್ದು, ಆದರೆ ಗಾಜು ಕಪ್ಪಲ್ಲ, ಬಿಳಿ.

"ಹೆದರಿಕೆ ಹೋದಮೇಲೆ ಬರ್ತೀನಿ ಅಂದ್ಕೊಂಡಿದ್ರೆ ಬರಲೇಬೇಡ" ಅಂದರು. "ಅದು ಹೋಗಲ್ಲ. ಹೆದರ್ಕೊಂಡೇ ಬಾ."

ಅಕ್ಕ ಹೋದಳು. ಕಲಿಯಲು ಬಹಳ ಕಾಲ ಹಿಡಿಯಿತು. ಅರದಿಂದ ಕೀ ಉಜ್ಜುವಾಗ ಹೆಬ್ಬೆರಳು ಉಜ್ಜಿಕೊಂಡಳು. ಒಂದೇ ಕಣ್ಣಲ್ಲಿ ಕೀಯ ಹಲ್ಲಿನ ಆಳ ತಿಳಿಯದೆ ಎಷ್ಟೋ ಕೀಗಳನ್ನು ಹಾಳುಮಾಡಿದಳು. ಆಮೇಲೆ ನೋಡುವುದನ್ನೇ ಬಿಟ್ಟು ಉಗುರಿನಿಂದ ಸವರಿ ಅಳೆಯುವುದನ್ನು ರೂಢಿಮಾಡಿಕೊಂಡಳು. ಸ್ಪ್ರಿಂಗು ಹಾರಿದಾಗಲೆಲ್ಲ ಬೆಚ್ಚುತ್ತಿದ್ದಳು, ಆದರೆ ಎದ್ದು ಓಡುತ್ತಿರಲಿಲ್ಲ. ಮೇಷ್ಟ್ರ ಮಂಡಿ ಮಹಡಿ ಹತ್ತಲು ಒಪ್ಪುತ್ತಿರಲಿಲ್ಲ. ಹಾಗಾಗಿ ಮನೆಗಳಿಗೆ ಹೋಗುವ ಕೆಲಸ ಮೆಲ್ಲಮೆಲ್ಲಗೆ ಅಕ್ಕನದಾಯಿತು. ಬೀಗ ತೆಗೆಸಲು ಕಾದು ನಿಂತವರು, ದೊಡ್ಡ ಕನ್ನಡಕ ಏರಿಸಿಕೊಂಡು ಮೆಟ್ಟಿಲು ಹತ್ತಿ ಬರುವ ಹೆಂಗಸನ್ನು ಕಂಡು ಅವಳ ಹಿಂದೆ ಇನ್ಯಾರೋ ಬರುತ್ತಿದ್ದಾರೆ ಅಂತ ಇಣುಕಿ ನೋಡುತ್ತಿದ್ದರು. "ನಾನೇ ಬಂದಿರೋದು, ಸ್ವಲ್ಪ ಸರೀರಿ" ಅನ್ನುತ್ತಿದ್ದಳು.

ಇಷ್ಟೇ ಆಗಿದ್ದರೆ ಈ ಕಥೆಯನ್ನು ನಾನು ನಗುನಗುತ್ತಾ ಹೇಳಿ ಮುಗಿಸಬಹುದಿತ್ತು.

ಅವತ್ತು ಅಕ್ಕನ ಕಣ್ಣಿನ ತಪಾಸಣೆ ಇತ್ತು. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ನಾನು ಗೂಡಂಗಡಿಗೆ ಹೋದೆ. ಅದೇ ಹೊತ್ತಿಗೆ ಒಬ್ಬಾತ ಬಂದ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಕೈಯಲ್ಲಿ ಕಿತ್ತಳೆಹಣ್ಣಿನ ಬಟ್ಟೆಚೀಲ. ನಮಸ್ಕಾರ ಮಾಡಿದ. ಮನೆ ಕೀ ಕಳೆದುಹೋಗಿದೆ, ಹೆಂಡತಿ ತವರಿಗೆ ಹೋಗಿದ್ದಾಳೆ, ಬರುವುದು ನಾಳೆ, ದಯವಿಟ್ಟು ಬಂದು ಬಾಗಿಲು ತೆಗೆದುಕೊಡಿ ಅಂದ. ಗುರುತು ಪರಿಚಯವಿಲ್ಲದವರ ಬಾಗಿಲು ತೆಗೆಯುವ ಮುಂಚೆ ಅದು ಅವರದೇ ಮನೆ ಅಂತ ಖಾತ್ರಿ ಮಾಡಿಕೊಳ್ಳಬೇಕು ಅಂತ ಮೇಷ್ಟ್ರು ಅಕ್ಕನಿಗೆ ಹೇಳಿಕೊಟ್ಟಿದ್ದರು. ಅವಳು ಕೇಳಿದಳು. ಆತ ಬೇಸರ ಮಾಡಿಕೊಳ್ಳದೆ ಫೋನಿನಲ್ಲಿ ಫೋಟೋ ತೋರಿಸಿದ. ಕಂದು ಬಾಗಿಲು, ಬಾಗಿಲ ಮೇಲೆ ಮನೆ ನಂಬರು, ಬಾಗಿಲ ಮುಂದೆ ಅವನು ಮತ್ತು ಅವನ ಹೆಂಡತಿ. ಹೆಂಡತಿ ನಗುತ್ತಿದ್ದಳು.

"ಹತ್ರಾನೇ ಇದೆ. ಮುಗಿಸ್ಕೊಂಡು ಆಸ್ಪತ್ರೆಗೆ ಹೋಗೋಣ, ಬಾರೇ" ಅಂದಳು ಅಕ್ಕ.

ಮೂರನೇ ಮಹಡಿ. ಮೆಟ್ಟಿಲು ಹತ್ತುವಾಗ ಅವನಿಗೆ ಫೋನು ಬಂತು. ಚೀಲವನ್ನು ಅಕ್ಕನ ಕೈಗೆ ಕೊಟ್ಟು ಮಾತಾಡುತ್ತಾ ಮುಂದೆ ಹತ್ತಿದ. ಅಕ್ಕ ನನ್ನ ಕಡೆ ತಿರುಗಿ, "ಎಷ್ಟು ಭಾರ ಇದೆ! ಕಿತ್ತಳೆ ಕೆಳಗೆ ಕಲ್ಲಂಗಡಿ ಇಟ್ಟಿದ್ದಾರೇನೋ" ಅಂದಳು. ನಾನು ನಕ್ಕೆ. ದೇವರಾಣೆ, ನಕ್ಕೆ.

ಫೋಟೋದಲ್ಲಿದ್ದದ್ದೇ ಬಾಗಿಲು. ಎದುರುಮನೆ ಮುಂದೆ ಚಿಕ್ಕ ಮಕ್ಕಳ ಸೈಕಲ್ಲೊಂದು ನಿಂತಿತ್ತು, ಆ ಮನೆಗೂ ಬೀಗ ಹಾಕಿತ್ತು. ಅಕ್ಕ ಚೀಲವನ್ನು ಅವನಿಗೆ ಕೊಟ್ಟು, ಕನ್ನಡಕ ಏರಿಸಿ, ಮಂಡಿಯೂರಿ ಕೂತು ಕಡ್ಡಿ ತೂರಿಸಿದಳು. ಬೀಗ ಹೊಸದು. ಬಾಗಿಲು ಹಳೆಯದು, ಬೀಗ ಮಾತ್ರ ಹೊಸದು ಅನ್ನುವುದು ಆಮೇಲೆ ಯೋಚಿಸಿದಾಗ ಹೊಳೆಯಿತು, ಆಗಲ್ಲ. ನಾನು ಗೋಡೆಗೊರಗಿ ಆಸ್ಪತ್ರೆಗೆ ತಡವಾಗುತ್ತದಲ್ಲ ಅಂತ ಯೋಚಿಸುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಅಕ್ಕ "ಹಾಂ, ಬಂತು" ಅಂದು ಕಡ್ಡಿ ತಿರುಗಿಸಿದಳು. ಬೀಗ ಅರ್ಧ ತಿರುಗಿತು. ಆಮೇಲೆ ಹಿಂದಕ್ಕೆ ಬಂತು.

ಅವಳು ಇನ್ನೊಮ್ಮೆ ತಿರುಗಿಸಿದಳು. ಇನ್ನೊಮ್ಮೆ ಹಿಂದಕ್ಕೆ ಬಂತು.

ಆಗ ಅಕ್ಕನ ಮುಖ ನೋಡಿದೆ. ಅದರ ಬಣ್ಣವೇ ಇಳಿದುಹೋಗಿತ್ತು. ಕಡ್ಡಿ ಅವಳ ಬೆರಳ ನಡುವೆ ನಡುಗುತ್ತಿತ್ತು, ಆದರೆ ನಡುಗುತ್ತಿದ್ದದ್ದು ಅವಳ ಕೈಯಲ್ಲ. ಇದನ್ನು ಅವಳು ಆಮೇಲೆ ಹೇಳಿದಳು. "ಕೈ ನಂದು ಗಟ್ಟಿಯಾಗಿತ್ತು ಕಣೇ. ನಡುಕ ಆ ಕಡೆಯಿಂದ ಬರ್ತಿತ್ತು. ಯಾರೋ ಬಾಗಿಲ ಒಳಗಡೆ ಬೀಗ ತಿರುಗಿಸೋ ಗುಂಡಿ ಹಿಡ್ಕೊಂಡಿದ್ರು. ಎರಡೂ ಕೈಯಲ್ಲಿ, ಜೀವ ಬಿಟ್ಟು ಹಿಡ್ಕೊಂಡಿದ್ರು."

"ಏನಾಯ್ತು? ಬಂತು ಅಂದ್ರಲ್ಲ?" ಆತ ಕೇಳಿದ. ಅದೇ ಗಂಟಲು, ಆದರೆ ನಮಸ್ಕಾರ ಮಾಡಿದ ಮನುಷ್ಯನ ಮಾತಲ್ಲ ಅದು.

ಅಕ್ಕ ತಲೆ ಎತ್ತಲಿಲ್ಲ. "ಬಂದಿತ್ತು ಸಾರ್, ಜಾರಿಬಿಡ್ತು" ಅಂದಳು. ಅಂದವಳೇ ಮುಖವನ್ನು ಬೀಗದ ಹತ್ತಿರ ತಂದು ಮಣಿಕಟ್ಟನ್ನು ಒಮ್ಮೆ ಕೆಳಕ್ಕೆ ಒತ್ತಿದಳು. ಟಿಂಗ್. ಕಡ್ಡಿ ಬೀಗದೊಳಗೇ ಮುರಿಯಿತು. ನಾನು ಹಿಂದಕ್ಕೆ ಹಾರಿದೆ. ಅವಳು ಕದಲಲಿಲ್ಲ.

"ಅಯ್ಯೋ, ಮುರಿದೇ ಹೋಯ್ತಲ್ಲ ಸಾರ್!" ಅವಳ ದನಿ ಬೇಕಂತಲೇ ಜೋರಾಗಿತ್ತು. "ಇನ್ನು ಈ ಬಾಗಿಲನ್ನ ಹೊರಗಿಂದ ಯಾರ ಕೈಲೂ ತೆಗೆಯೋಕಾಗಲ್ಲ. ಕೀ ಇದ್ರೂ ಆಗಲ್ಲ. ಡ್ರಿಲ್ಲೇ ಬೇಕು." ನನ್ನ ಕಡೆ ತಿರುಗಿ, "ಹೋಗೇ, ಮೇಷ್ಟ್ರ ಹತ್ರ ಡ್ರಿಲ್ ಇಸ್ಕೊಂಡು ಬಾ" ಅಂದಳು.

"ಯಾವ ಡ್ರಿಲ್?" ಅಂದೆ, ಪೆದ್ದಿಯ ಹಾಗೆ. ಮೇಷ್ಟ್ರ ಹತ್ತಿರ ಡ್ರಿಲ್ ಇರಲಿಲ್ಲ.

ಅಕ್ಕ ನನ್ನ ಪಾದವನ್ನು ಚಿವುಟಿದಳು. ಉಗುರು ಚರ್ಮಕ್ಕೆ ಇಳಿಯಿತು. "ದೊಡ್ಡ ಡ್ರಿಲ್. ಓಡು."

ಆಗ ಅರ್ಥವಾಯಿತು. ಬಾಗಿಲ ಕೆಳಗಿನ ಸಂದಿಯಲ್ಲಿ ನೆರಳೊಂದು ಸರಿದದ್ದನ್ನೂ ಆಗಲೇ ಕಂಡೆ. ಮೆಟ್ಟಿಲು ಇಳಿದದ್ದು ಹೇಗೆ ಅಂತ ನನಗೆ ನೆನಪಿಲ್ಲ. ಅಕ್ಕನೂ ನನ್ನ ಹಿಂದೆಯೇ ಬರುತ್ತಾಳೆ ಅಂತ ಅಂದುಕೊಂಡಿದ್ದೆ. ಕೆಳಗೆ ಬಂದು ತಿರುಗಿ ನೋಡಿದರೆ ಇಲ್ಲ. ಅವಳು ಮೇಲೆಯೇ ಉಳಿದಿದ್ದಳು. ಮೇಲಿನಿಂದ ಅವನ ಕೂಗು ಕೇಳಿಸಿತು. "ಒದ್ದು ತೆಗೀತೀನಿ, ಸರಿ ಆ ಕಡೆ!" ಅದಕ್ಕೆ ಅಕ್ಕನ ದನಿ, ನಿಧಾನವಾಗಿ, "ಒದ್ದರೆ ಚೌಕಟ್ಟು ಹೋಗುತ್ತೆ ಸಾರ್, ನಿಮ್ಮದೇ ಮನೆ. ಒಂದು ನಿಮಿಷ ತಾಳಿ, ಈ ತಿರುಪಾದ್ರೂ ಬಿಚ್ಚಿರ್ತೀನಿ."

ಕೂಡುರಸ್ತೆಯಲ್ಲಿ ಟ್ರಾಫಿಕ್ ಪೊಲೀಸಿನವರು ನಿಂತಿದ್ದರು. ಅವರ ಮುಂದೆ ಹೋಗಿ ಬಾಯಿ ತೆರೆದೆ. ದಿನವಿಡೀ ಮಕ್ಕಳಿಗೆ ಪಾಠ ಹೇಳುವ ನನ್ನ ಬಾಯಲ್ಲಿ ಒಂದು ಅಕ್ಷರ ಹೊರಡಲಿಲ್ಲ. ಅವರ ತೋಳು ಹಿಡಿದು ಎಳೆದೆ. ಅವರು ಏನಮ್ಮ, ಏನಮ್ಮ ಅನ್ನುತ್ತಿದ್ದರು. ನಾನು ಕಟ್ಟಡದ ಕಡೆ ಕೈ ತೋರಿಸುತ್ತಾ ಎಳೆಯುತ್ತಲೇ ಇದ್ದೆ. ಕೆಳಗಿನ ಲಾಂಡ್ರಿ ಅಂಗಡಿಯ ಇಬ್ಬರು ನನ್ನ ಮುಖ ನೋಡಿಯೇ ಏನೋ ಆಗಿದೆ ಅಂತ ಇಸ್ತ್ರಿಪೆಟ್ಟಿಗೆ ಬಿಟ್ಟು ಓಡಿಬಂದರು.

ನಾವು ಮೇಲೆ ಹೋದಾಗ ಅಕ್ಕ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಕನ್ನಡಕ ಒಂದು ಪಕ್ಕಕ್ಕೆ ಜಾರಿತ್ತು. ಅವನು ಅವಳ ರಟ್ಟೆ ಹಿಡಿದು ಎಳೆಯುತ್ತಿದ್ದ. ಪೊಲೀಸರನ್ನು ಕಂಡದ್ದೇ ಕೈ ಬಿಟ್ಟು, ಅಂಗಿ ಸರಿಮಾಡಿಕೊಂಡು ನಕ್ಕ. ಮನೆಯ ವಿಷಯ ಸಾರ್, ಗಂಡ ಹೆಂಡತಿ ವಿಷಯ, ಈ ಹೆಂಗಸು ಸುಮ್ಮನೆ ರಂಪ ಮಾಡುತ್ತಿದ್ದಾಳೆ ಅಂದ. ಹೆಂಡತಿ ತವರಿಗೆ ಹೋಗಿದ್ದಾಳೆ ಅಂದದ್ದು ಅವನಿಗೇ ಮರೆತುಹೋಗಿತ್ತು. ಪೊಲೀಸಿನವರು ಚೀಲ ಕೇಳಿದರು. ಅವನು ಕೊಡಲಿಲ್ಲ. ಲಾಂಡ್ರಿಯವನು ಕಿತ್ತುಕೊಂಡ. ಹಣ್ಣುಗಳು ಮೆಟ್ಟಿಲ ಮೇಲೆ ಉರುಳಿಹೋದವು. ಕೊನೆಗೆ, ಹಳೇ ಟವಲಿನಲ್ಲಿ ಸುತ್ತಿದ್ದ ಮಚ್ಚು ದಢ್ ಅಂತ ಬಿತ್ತು.

ಅಕ್ಕ ತನ್ನ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದಳು. ಒಂದು ಇಡೀ ಮಹಡಿ ಆ ಚೀಲವನ್ನು ಹೊತ್ತು ತಂದ ಕೈ ಅದು.

ಅವನನ್ನು ಕೆಳಗೆ ಕರೆದುಕೊಂಡು ಹೋದಮೇಲೆ ಠಾಣೆಯಿಂದ ಇನ್ನೊಬ್ಬ ಅಧಿಕಾರಿ ಬಂದರು. ಬಾಗಿಲು ಬಡಿದರು. ಒಳಗೆ ಸದ್ದಿಲ್ಲ. "ಒಡೆದು ತೆಗೀಮ್ಮ" ಅಂತ ಅಕ್ಕನಿಗೆ ಹೇಳಿದರು.

"ಇಲ್ಲ ಸಾರ್."

"ಇಲ್ಲ ಅಂದ್ರೆ? ಒಳಗೆ ಏನಾಗಿದೆಯೋ ಏನೋ."

"ಉಸಿರು ಕೇಳಿಸ್ತಿದೆ ಸಾರ್. ಅವಳು ಇಲ್ಲೇ ಬಾಗಿಲ ಹಿಂದೆ ಇದ್ದಾಳೆ. ಅವಳೇ ತೆಗೀಲಿ, ನಾನು ಮುಟ್ಟಲ್ಲ." ಅಕ್ಕ ಬಾಗಿಲಿಗೆ ಕಿವಿಯಿಟ್ಟು ಮೆಲ್ಲಗೆ ಹೇಳಿದಳು. "ತಂಗೀ, ಅವನು ಹೋದ. ಪೊಲೀಸ್ನೋರು ಕರ್ಕೊಂಡು ಹೋದ್ರು. ನಿಂಗೆ ಯಾವಾಗ ತೆಗೀಬೇಕು ಅನ್ಸುತ್ತೋ ಆಗ ತೆಗಿ. ನಾವು ಕೂತಿರ್ತೀವಿ."

ಕೂತೆವು. ಅಧಿಕಾರಿ ಮೊದಲು ಅತ್ತಿತ್ತ ತಿರುಗಾಡಿದರು, ಆಮೇಲೆ ಅವರೂ ಮೆಟ್ಟಿಲ ಮೇಲೆ ಕೂತರು. ಬಹಳ ಹೊತ್ತಾದ ಮೇಲೆ ಒಳಗೆ ಏನನ್ನೋ ನೆಲದ ಮೇಲೆ ಎಳೆಯುವ ಸದ್ದು. ಬಾಗಿಲು ತೆರೆಯಿತು.

ಫೋಟೋದಲ್ಲಿ ನಗುತ್ತಿದ್ದವಳೇ. ನನ್ನ ಅರ್ಧ ವಯಸ್ಸೂ ಇರಲಿಕ್ಕಿಲ್ಲ. ಬಾಗಿಲಿಗೆ ಅಡ್ಡವಾಗಿ ಮೇಜು ಎಳೆದಿದ್ದಳು, ಮೇಜಿನ ಮೇಲೆ ಹಾಸಿಗೆ. ಒಳಗಿನ ಚಿಲಕ ಕಿತ್ತುಹೋಗಿ ಒಂದು ಮೊಳೆಯಲ್ಲಿ ನೇತಾಡುತ್ತಿತ್ತು. ಅವಳ ಎರಡೂ ಅಂಗೈಯಲ್ಲಿ ಗುಂಡಿಯ ಅಚ್ಚು ರಕ್ತಗಟ್ಟಿ ನಿಂತಿತ್ತು. ಅವಳು ಅಧಿಕಾರಿಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ನೆಟ್ಟಗೆ ಅಕ್ಕನ ಮುಂದೆ ಬಂದು, ಕೈ ಬೀಸಿ ಕೆನ್ನೆಗೆ ಹೊಡೆದಳು.

ಕನ್ನಡಕ ಹಾರಿ ಗೋಡೆಗೆ ಬಿತ್ತು.

"ನೀನು ತೆಗೀತಿದ್ದೆ" ಅಂದಳು. "ಅರ್ಧ ತಿರುಗಿಸಿದ್ದೆ. ನನ್ನ ಕೈ ಜಾರಿತ್ತು. ನೀನೇ ತೆಗೀತಿದ್ದೆ."

ನಾನು ಬಾಯಿ ಹಾಕಲು ಹೋದೆ. ಇವಳು ನಿನ್ನ ಜೀವ ಉಳಿಸಿದ್ದಾಳೆ ಅಂತ ಹೇಳಬೇಕೆಂದಿದ್ದೆ. ಅಕ್ಕ ಕೈ ಅಡ್ಡ ಹಿಡಿದಳು.

"ಹೌದಮ್ಮ" ಅಂದಳು. "ತೆಗೀತಿದ್ದೆ."

ಆ ಹುಡುಗಿ ಅಲ್ಲೇ ಕುಸಿದು ಕೂತಳು. ಅವನು ಕೀಯನ್ನು ಕಳೆದುಕೊಂಡಿರಲಿಲ್ಲ, ಅವಳೇ ಬೀಗ ಬದಲಾಯಿಸಿದ್ದಳು. ಹಿಂದಿನ ವಾರ ಅವನು ಅವಳ ಫೋನು ಒಡೆದು, ಚಿಲಕ ಒದ್ದು ಕಿತ್ತು ಹೋಗಿದ್ದನಂತೆ. ನಾವು ಮೆಟ್ಟಿಲಲ್ಲಿ ನಕ್ಕಿದ್ದು, ಬಾಗಿಲ ಹೊರಗೆ ಮಾತಾಡಿದ್ದು ಎಲ್ಲ ಅವಳಿಗೆ ಕೇಳಿಸಿತ್ತು. ಯಾಕೆ ಕೂಗಲಿಲ್ಲ ಅಂತ ಅಧಿಕಾರಿ ಕೇಳಿದರು. "ಇವರೂ ಅವನ ಕಡೆಯವರೇ ಅಂದ್ಕೊಂಡೆ" ಅಂದಳು.

ಸುದ್ದಿ ಬೀದಿಯಲ್ಲಿ ಹಬ್ಬಿತು. ಜನ ಮನೆಗೆ ಬಂದು ಅಕ್ಕನನ್ನು ಹೊಗಳಿದರು. ಭಾವ ತಮ್ಮ ಬಸ್ಸಿನಲ್ಲಿ ಪ್ರತಿ ಸ್ಟಾಪಿನಲ್ಲೂ ಹೇಳಿಕೊಂಡು ಬಂದರು. ಅಕ್ಕ ಮಾತ್ರ ಮತ್ತೆ ಕಿಟಕಿ ಪಕ್ಕ ಹೋಗಿ ಕೂತಳು. ಗೂಡಂಗಡಿಯ ಕಡೆ ತಲೆ ಹಾಕಲಿಲ್ಲ.

ಒಂದು ಮಧ್ಯಾಹ್ನ ಮೇಷ್ಟ್ರೇ ಬಂದರು. ಗದರುತ್ತಾರೆ ಅಂದುಕೊಂಡು ನಾನು ಕಾಫಿಗೆ ಇಟ್ಟೆ. ಅವರು ಗದರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಬಹಳ ಹೊತ್ತು ಮಂಡಿ ತಿಕ್ಕಿಕೊಂಡರು.

"ಜೀವನಪೂರ್ತಿ ಬಾಗಿಲು ತೆಗೆದಿದ್ದೀನಿ ತಾಯಿ" ಅಂದರು. "ಮನೆ ನಿಮ್ದೇನಾ ಅಂತ ಕೇಳ್ತಿದ್ದೆ. ಒಳಗೆ ಯಾರಾದ್ರೂ ಇದ್ದಾರಾ ಅಂತ ಒಂದು ಸಲಾನೂ ಕೇಳಿಲ್ಲ. ಈಗ ಒಂದೊಂದೇ ಬಾಗಿಲು ನೆನಪಿಗೆ ಬರ್ತಿದೆ. ಒಂದು ಮನೇಲಿ ಬೀಗ ಹೀಗೇ ಹಿಂದಕ್ಕೆ ಹಿಂದಕ್ಕೆ ಬರ್ತಿತ್ತು. ತುಕ್ಕು ಅಂತ ಎಣ್ಣೆ ಬಿಟ್ಟೆ." ಅವರು ಮಂಡಿ ತಿಕ್ಕುವುದನ್ನು ನಿಲ್ಲಿಸಿದರು. "ತೆಗೆದುಕೊಟ್ಟು ಬಂದೆ. ತಿರುಗಿ ನೋಡ್ಲಿಲ್ಲ."

ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು. ನಾನು ಆರಿಸಲೂ ಹೋಗಲಿಲ್ಲ. ಆ ಬೀಗದಲ್ಲಿ ತುಕ್ಕೇ ಇದ್ದಿರಬಹುದು. ಇಲ್ಲದೆಯೂ ಇರಬಹುದು. ಮೇಷ್ಟ್ರಿಗೆ ಇನ್ನು ಅದು ತಿಳಿಯುವ ದಾರಿಯಿಲ್ಲ. ಅವರು ಗೂಡಂಗಡಿಯ ಬಾಗಿಲು ಹಾಕಿದ್ದರು. ಅಕ್ಕ ಬೇಕಿದ್ದರೆ ತೆರೆಯಲಿ, ತನ್ನಿಂದ ಆಗುವುದಿಲ್ಲ ಅಂತ ಹೇಳಿ, ಕಾಫಿ ಕುಡಿಯದೆ ಎದ್ದುಹೋದರು.

ಅಕ್ಕ ತೆರೆಯುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ಆ ಹುಡುಗಿ ಬಂದಳು. ಕ್ಷಮೆ ಕೇಳಲು ಬಂದಿರಬೇಕು ಅಂದುಕೊಂಡು ನಾನು ಒಳಗೆ ಬಾಮ್ಮ ಅಂದೆ. ಅವಳು ಹೊಸ್ತಿಲಲ್ಲೇ ನಿಂತಳು.

"ನನ್ನ ಬೀಗ ಹಾಳು ಮಾಡಿದ್ದು ನೀವು" ಅಂದಳು ಅಕ್ಕನಿಗೆ. ಮುಖದಲ್ಲಿ ನಗುವಿರಲಿಲ್ಲ. "ನೀವೇ ಬಂದು ಹೊಸದು ಹಾಕ್ಕೊಡಿ."

ಅಕ್ಕ ಎದ್ದಳು. ನನ್ನ ಕಡೆ ನೋಡಿ "ಬರ್ತೀಯಾ?" ಅಂದಳು. ಆ ಮೆಟ್ಟಿಲು ಇನ್ನೊಮ್ಮೆ ಹತ್ತಲು ನನಗೆ ಮನಸ್ಸಿರಲಿಲ್ಲ, ಆದರೂ ಹೋದೆ. ಅಕ್ಕ ಬಾಗಿಲಿಗೆ ದಪ್ಪ ಬೀಗ ಕೂರಿಸಿದಳು, ಒಳಗೆ ಮೇಲೊಂದು ಕೆಳಗೊಂದು ಚಿಲಕ, ನಡುವೆ ಒಂದು ಸರಪಳಿ. ಪ್ರತಿಯೊಂದು ತಿರುಪನ್ನೂ ಆ ಹುಡುಗಿಯ ಕೈಯಲ್ಲೇ ಬಿಗಿ ಮಾಡಿಸಿದಳು. ಎಲ್ಲ ಮುಗಿದ ಮೇಲೆ ಹುಡುಗಿ ಹೇಳಿದಳು.

"ನೀವಿಬ್ಬರೂ ಹೊರಗೆ ಹೋಗಿ. ಬೀಗ ಹಾಕ್ಕೋತೀನಿ. ತೆಗೆಯೋಕೆ ನೋಡಿ."

ಅಕ್ಕ ಕಡ್ಡಿ ತೂರಿಸಿದಳು. ಅವಳ ಬೆನ್ನಿನ ಮೇಲೆ ಬೆವರು ಮೂಡಿದ್ದು ಕುಪ್ಪಸದ ಮೇಲೆ ಕಾಣುತ್ತಿತ್ತು. ಸುಳ್ಳುಸುಳ್ಳೇ ತಿರುಗಿಸಲಿಲ್ಲ. ತನಗೆ ಗೊತ್ತಿದ್ದ ಎಲ್ಲ ರೀತಿಯಲ್ಲೂ ನೋಡಿದಳು, ತಳ್ಳಿದಳು, ಭುಜ ಕೊಟ್ಟಳು. ಬಾಗಿಲು ಜಗ್ಗಲಿಲ್ಲ.

"ಆಗಲ್ಲ ತಂಗೀ" ಅಂದಳು.

ಒಳಗಿಂದ ದನಿ ಬಂತು. "ಇನ್ನೊಂದು ಸಲ."

ಅಕ್ಕ ಇನ್ನೊಂದು ಸಲ ನೋಡಿದಳು. ಆಮೇಲೆ ಮತ್ತೊಂದು ಸಲ. ಒಳಗಿನ ಹುಡುಗಿ ಸಾಕು ಅನ್ನುವವರೆಗೂ ನನ್ನ ಅಕ್ಕ ಆ ಬಾಗಿಲ ಮುಂದೆ ಮಂಡಿಯೂರಿ, ತಾನೇ ಹಾಕಿದ ಬೀಗದೊಂದಿಗೆ ಗುದ್ದಾಡುತ್ತಲೇ ಇದ್ದಳು. ಕೊನೆಗೆ ಒಳಗೆ ಅಳುವ ಸದ್ದು ಕೇಳಿಸಿತು. ಗಟ್ಟಿಯಾದ, ಬಿಡುಬೀಸಾದ ಅಳು. ಅಕ್ಕ ಉಪಕರಣಗಳನ್ನು ಎತ್ತಿಟ್ಟುಕೊಂಡಳು. ನಾವು ಬಾಗಿಲು ತೆಗೆಯಲು ಹೇಳದೆ ಇಳಿದು ಬಂದೆವು.

ಮಾರನೇ ದಿನ ಅಕ್ಕ ಗೂಡಂಗಡಿ ತೆರೆದಳು. ಈಗ ಅದು ಗೂಡಂಗಡಿಯಲ್ಲ, ಪಕ್ಕದ ಮಳಿಗೆಯೂ ಸೇರಿ ನಾಲ್ಕು ಜನ ನಿಲ್ಲುವಷ್ಟಾಗಿದೆ. ಬಾಗಿಲು ತೆಗೆಸಲು ಬರುವವರಿಗಿಂತ ಭದ್ರ ಮಾಡಿಸಲು ಬರುವವರೇ ಹೆಚ್ಚು, ಅದರಲ್ಲೂ ಹೆಂಗಸರು. ಎಷ್ಟೋ ಜನ ಕಾರಣ ಹೇಳುವುದಿಲ್ಲ, ಅಕ್ಕ ಕೇಳುವುದೂ ಇಲ್ಲ. ಯಾರದೇ ಬೀಗ ತೆಗೆಯಬೇಕಾದರೂ ಮೊದಲು ಬಾಗಿಲು ತಟ್ಟಿ, ತಾನು ಯಾರು, ಜೊತೆಯಲ್ಲಿ ಯಾರಿದ್ದಾರೆ ಅಂತ ಗಟ್ಟಿಯಾಗಿ ಹೇಳಿ ಕಾಯುತ್ತಾಳೆ. ಖಾಲಿ ಮನೆಗೆ ಯಾಕಮ್ಮ ಭಾಷಣ ಅಂತ ಜನ ನಗುತ್ತಾರೆ. ನಗಲಿ ಅನ್ನುತ್ತಾಳೆ.

ಹೋದ ವರ್ಷ ಭಾವ ರಿಟೈರ್ ಆದರು. ಮನೆಯಲ್ಲಿ ಕೂತು ಬೇಜಾರು ಹಿಡಿದು, ತಮಗೂ ಕೆಲಸ ಕಲಿಸು ಅಂತ ಅಕ್ಕನ ದುಂಬಾಲು ಬಿದ್ದಿದ್ದಾರೆ. ಅವಳು ಒಂದು ಹಳೇ ಬೀಗ ಕೊಟ್ಟು ಕೂರಿಸಿದ್ದಾಳೆ. ಭಾವ ಕಡ್ಡಿ ತೂರಿಸಿ ಕಣ್ಣು ಮುಚ್ಚುತ್ತಾರೆ, ಆದರೆ ಬಾಯಿ ಮುಚ್ಚಲು ಅವರಿಂದ ಆಗುವುದಿಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತಾ, ಬೀಗದೊಳಗಿನ ಸದ್ದೊಂದೂ ಕೇಳಿಸಿಕೊಳ್ಳದೆ, ಇದು ಕೆಟ್ಟ ಬೀಗ ಕಣೇ, ಬೇರೆ ಕೊಡು ಅನ್ನುತ್ತಾರೆ. ಅಕ್ಕ ಬೇರೆ ಕೊಡುತ್ತಾಳೆ.